ಮಾವನ ಹೊಟ್ಟೆಯಲ್ಲಿ ಉಳಿದದ್ದು

ಜಗತ್ತಿನ ತಾಪತ್ರಯಗಳೆಲ್ಲ ಎಲ್ಲಿ ಹುಟ್ಟುತ್ತವೆ ಎಂಬುದು ನನ್ನ ಸೋದರಮಾವನಿಗೆ ಖಚಿತವಾಗಿ ಗೊತ್ತಿತ್ತು. ಹೊಕ್ಕುಳಿನಿಂದ ನಾಲ್ಕು ಬೆರಳು ಕೆಳಗೆ! ತಲೆನೋವು, ಮಂಡಿನೋವು, ಅತ್ತೆ ಸೊಸೆಯರ ಜಗಳ, ಅಧಿಕಾರಿಗಳ ಸಿಡುಕು, ಎಲ್ಲದರ ಬೇರೂ ಅಲ್ಲೇ. ಕರುಳು ತೊಳೆದುಕೊಂಡವನು ದೇವರಾಗುತ್ತಾನೆ, ತೊಳೆಯದವನು ತಹಶೀಲ್ದಾರನಾಗುತ್ತಾನೆ ಎಂಬುದು ಅವನ ಸಿದ್ಧಾಂತ.

ಎದುರು ಸಿಕ್ಕವರಿಗೆ ಜನ ಶರಣು ಅನ್ನುತ್ತಾರೆ, ಸಲಾಂ ಅನ್ನುತ್ತಾರೆ. ಮಾವ ಅನ್ನುತ್ತಿದ್ದದ್ದು ಒಂದೇ ಮಾತು: "ಹೊಟ್ಟಿ ಸಾಫ್ ಆತೇನ್ರಿ?" ಮದುವೆ ಮನೆಯಲ್ಲೂ ಅದೇ, ಸಾವಿನ ಮನೆಯಲ್ಲೂ ಅದೇ. ಸತ್ತವರನ್ನು ಕೇಳುತ್ತಿರಲಿಲ್ಲ, ಅಷ್ಟು ಪುಣ್ಯ!

ಅವನು ನಾರಾಯಣಪೇಟೆಯ ಸೀರೆ ವ್ಯಾಪಾರಿ. ಮಾಲು ಕೊಡಲು ಸೊಲ್ಲಾಪುರದ ಕಡೆಗೆ ಹೋದಾಗ ನಿಸರ್ಗ ಚಿಕಿತ್ಸೆಯವರು ಯಾರೋ ಗಂಟುಬಿದ್ದರಂತೆ. ಬರುವಾಗ ಒಂದು ತಗಡಿನ ಡಬ್ಬಿ, ಉದ್ದನೆಯ ರಬ್ಬರ್ ನಳಿಗೆ ತಂದ. ಇದೇ ಕರುಳು ತೊಳೆಯುವ ಬಸ್ತಿ ಡಬ್ಬಿ, ಇಂಗ್ಲಿಷಿನವರ ಎನಿಮಾ. ಉಗುರುಬೆಚ್ಚಗಿನ ನೀರಿಗೆ ಉಪ್ಪು ಹಾಕಿ, ಡಬ್ಬಿಯನ್ನು ಗೋಡೆಗೆ ತೂಗುಹಾಕಿ, ನಳಿಗೆಯ ಇನ್ನೊಂದು ತುದಿಯನ್ನು... ಇರಲಿ, ಓದುಗರು ಊಟ ಮಾಡಿ ಕೂತಿರಬಹುದು. ನಮ್ಮ ಅತ್ತೆ ಮಾತ್ರ ಓಣಿಗೆಲ್ಲ ಕೇಳುವಂತೆ ಅಂದಳು:

"ಜಗದ ಮಂದಿ ಸೊಲ್ಲಾಪುರದಿಂದ ಚಾದರ ತರ್ತಾರ, ನಮ್ಮವರು ನಳಿಗಿ ತಂದಾರ ನೋಡ್ರೆವ್ವಾ!"

ಒಮ್ಮೆ ನಮ್ಮಪ್ಪನಿಗೆ ಬಾವಿ ತೋಡಲು ಸರ್ಕಾರದ ಇಜಾಜತ್ತು, ಅಂದರೆ ಪರವಾನಗಿ, ಬೇಕಾಗಿತ್ತು. ಅರ್ಜಿ ಕಚೇರಿಯಲ್ಲಿ ಮಲಗಿಬಿಟ್ಟಿತ್ತು. ಮಾವನೂ ಜೊತೆಗೆ ಹೋದ. ಸಾಹೇಬರು ಮೇಜು ಗುದ್ದಿ ಕೂಗಾಡತೊಡಗಿದರು. ಅಪ್ಪ ಕೈ ಮುಗಿದು ನಿಂತಿದ್ದರೆ ಮಾವ ಮುಂದೆ ಬಂದು ಶಾಂತವಾಗಿ ಕೇಳಿದ: "ಹುಜೂರ್, ಇದು ಸಿಟ್ಟಲ್ರಿ. ಹೊಟ್ಟಿ ಸಾಫ್ ಆಗಿಲ್ಲ ನಿಮಗ. ಹೌದಿಲ್ಲೋ?"

ಸಾಹೇಬರು ಮಾವನನ್ನು ದಿಟ್ಟಿಸಿದರು. ಆಮೇಲೆ ಜವಾನನನ್ನೂ ಗುಮಾಸ್ತನನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿಸಿ, ಅದಕ್ಕೇನು ಮಾಡಬೇಕೆಂದು ದನಿ ತಗ್ಗಿಸಿ ಕೇಳಿದರು: "ಕ್ಯಾ ಕರ್ನಾ ಜೀ?"

ನಮ್ಮ ಬಾವಿಯ ನೀರು ಇಂದಿಗೂ ಸಿಹಿಯಾಗಿದೆ.

ಇಂಥವನ ಕೈಗೆ ನನ್ನಂಥ ಅಳಿಯ ಸಿಕ್ಕರೆ ಬಿಡುತ್ತಾನೆಯೇ? ಚಿಂತೆ ನನ್ನ ಹುಟ್ಟುಗುಣ. ಮಳೆ ಬಂದರೆ ಮಾಳಿಗೆ ಸೋರೀತೆಂದು ಚಿಂತೆ, ಬರದಿದ್ದರೆ ಬಾವಿ ಬತ್ತೀತೆಂದು ಚಿಂತೆ. ಚಿಂತಿಸಲು ಏನೂ ಇಲ್ಲದ ದಿನ, ಏನೋ ಮರೆತಿದ್ದೇನೆಂದು ಚಿಂತೆ. "ಅವೆಲ್ಲಾ ಕರುಳಾಗ ಕುಂತಾವಲೇ," ಎಂದು ಮಾವ ಒಂದು ಭಾನುವಾರ ನನ್ನನ್ನು ಎಡಮಗ್ಗುಲಿಗೆ ಮಲಗಿಸಿಯೇಬಿಟ್ಟ. ಡಬ್ಬಿ ಸೀರೆ ಒಣಹಾಕುವ ಗಳುವಿನಿಂದ ಜೋತಾಡುತ್ತಿತ್ತು. ಅವನು ಶಿವನಾಮ ಹೇಳುತ್ತಿದ್ದ, ನಾನೂ ಹೇಳುತ್ತಿದ್ದೆ. ಭಕ್ತಿಯ ಕಾರಣ ಮಾತ್ರ ಬೇರೆ ಬೇರೆ. ಅಂದು ನಾನು ಹಿತ್ತಲಿಗೆ ಓಡಿದ ವೇಗ ನೋಡಿ ಕಟ್ಟಿದ ಎಮ್ಮೆ ಹಗ್ಗ ಹರಿದುಕೊಂಡಿತು. ಹೊಟ್ಟೆ ಹೂವಿನಂತೆ ಹಗುರಾಯಿತು, ಒಪ್ಪುತ್ತೇನೆ. ಆದರೆ ಆಮೇಲೆ ಕುಳಿತು ಎಮ್ಮೆ ಎಲ್ಲಿ ಹೋಯಿತೋ ಎಂದು ಚಿಂತಿಸಿದೆ!

ಮಾವನ ಸಿದ್ಧಾಂತ ಅನ್ನಕ್ಕಷ್ಟೇ ನಿಲ್ಲುತ್ತಿರಲಿಲ್ಲ. "ಒಳಗ ಇಟ್ಕೊಂಡದ್ದೆಲ್ಲಾ ಕೊಳಿತೈತಿ" ಅನ್ನುತ್ತಿದ್ದ. ಸಿಟ್ಟು ಒಳಗಿಟ್ಟರೆ ಪಿತ್ತ, ದುಃಖ ಒಳಗಿಟ್ಟರೆ ವಾಯು. ಸುಳ್ಳು ಹೇಳಿ ನಿಜವನ್ನು ಒಳಗಿಟ್ಟುಕೊಂಡರಂತೂ ಕರುಳು ಕಲ್ಲಾಗುತ್ತದೆ, ಔಡಲೆಣ್ಣೆಗೂ ಕರಗುವುದಿಲ್ಲ! ಹೀಗಾಗಿ ಅವನ ಹೊಟ್ಟೆಯಲ್ಲಿ ಯಾವ ಮಾತೂ ನಿಲ್ಲುತ್ತಿರಲಿಲ್ಲ. ಉಣ್ಣಲು ಕರೆದ ಮನೆಯಲ್ಲಿ, "ಸಾರಿಗೆ ಉಪ್ಪು ಜಾಸ್ತಿ ಆಗೈತ್ರಿ, ಎರಡನೇ ಸಲ ಬ್ಯಾಡ" ಎಂದು ಹೇಳಿ ತೃಪ್ತಿಯಿಂದ ಕೈ ತೊಳೆಯುತ್ತಿದ್ದ.

ಈ ಗುಣದಿಂದ ನನ್ನ ಎರಡು ಸಂಬಂಧ ಮುರಿದವು. ನಮ್ಮ ಕಡೆಯ ಮದ್ದೂರಿನ ಹೆಣ್ಣಿನ ತಂದೆಗೆ ತುಂಬಿದ ಮಂದಿಯಲ್ಲಿ ಆ ಪ್ರಶ್ನೆ ಕೇಳಿದ. "ನನ್ನ ಹೊಟ್ಟಿ ಕಟ್ಕೊಂಡು ನಿಮಗೇನಾಗಬೇಕ್ರಿ?" ಎಂದು ಅವರು ಎದ್ದರು. ದಾಮರಗಿದ್ದ ಊರಿನ ಸಂಬಂಧದಲ್ಲಿ ಪ್ರಶ್ನೆಯನ್ನೇನೋ ಕೇಳಲಿಲ್ಲ, ಬದಲು ಉತ್ತರವನ್ನೇ ಕೊಟ್ಟ: "ಹುಡುಗ ಬಂಗಾರದಂಥವ. ಮುಚ್ಚಿಡೂದು ಯಾಕ, ಸ್ವಲ್ಪ ಮಲಬದ್ಧ ಐತಿ."

ಮೂರನೆಯದು ಗದ್ವಾಲದ ಸಂಬಂಧ. ನೋಡಲು ಹೋದಾಗ ಹುಡುಗಿ ನೀರಿನ ತಂಬಿಗೆ ಇಟ್ಟು, ನನ್ನ ಬೆವರು ನೋಡಿ, ಒಳಗೆ ಹೋಗಿ ಬೀಸಣಿಗೆಯನ್ನೂ ತಂದಿಟ್ಟಿದ್ದಳು. ಅಂದಿನಿಂದ ನನ್ನ ಚಿಂತೆಗಳೆಲ್ಲ ಒಂದೇ ಊರಿನ ದಾರಿ ಹಿಡಿದಿದ್ದವು. ಇದೂ ತಪ್ಪಿದರೆ?

ಉಡಿ ತುಂಬಿ ಮಾತು ಗಟ್ಟಿಮಾಡುವ ದಿನ ಗೊತ್ತಾಯಿತು. ಸೋದರಮಾವನಿಲ್ಲದೆ ಆ ಶಾಸ್ತ್ರ ನಡೆಯದು. ಮಕ್ತಲದಿಂದ ಬಂಡಿ ಕಟ್ಟಿಕೊಂಡು ಹೋಗಿ, ಕೃಷ್ಣೆಯನ್ನು ಹರಗೋಲಿನಲ್ಲಿ ದಾಟುತ್ತಿದ್ದೆವು. ನಡುನೀರಿನಲ್ಲಿ ಅಪ್ಪ ಬಾಯಿ ಬಿಟ್ಟರು:

"ಆ ಮನ್ಯಾಗ ಹೊಟ್ಟಿ ಸುದ್ದಿ ತಗಿಯಂಗಿಲ್ಲ ಅಂತ ಗಂಗವ್ವನ ಮ್ಯಾಲ ಆಣಿ ಮಾಡು. ಇಲ್ಲಾಂದ್ರ ಇಲ್ಲೇ ಇಳಿಸ್ತೀನಿ."

"ಭಾವಾ, ಒಳಗ ಇಟ್ಕೊಂಡ್ರ ಕೊಳಿತೈತಿ."

"ಒಂದು ದಿವಸಕ್ಕ ಏನೂ ಕೊಳಿಯಂಗಿಲ್ಲ!"

ಹರಗೋಲಿನವನು ಹುಟ್ಟು ನಿಲ್ಲಿಸಿದ. "ಸಾವ್ಕಾರ್ರ, ಲಗೂನ ಆಣಿ ಮಾಡ್ರಿ. ಸುಳಿ ಐತಿಲ್ಲಿ."

ಮಾವ ನೀರು ಮುಟ್ಟಿ ಆಣೆ ಮಾಡಿದ. ಆದರೆ ಅವನ ಚೀಲದಲ್ಲಿ ಏನಿದೆಯೆಂದು ನಾವು ಯಾರೂ ಕೇಳಲಿಲ್ಲ.

ಬೀಗರಾಗುವವರಿಗೆ ಜನ ಹಣ್ಣು ಒಯ್ಯುತ್ತಾರೆ, ಸಕ್ಕರೆ ಒಯ್ಯುತ್ತಾರೆ. ಮಾವ ಹುಡುಗಿಯ ತಂದೆಗೆಂದು ಹೊಚ್ಚ ಹೊಸ ಬಸ್ತಿ ಡಬ್ಬಿ ಒಯ್ದಿದ್ದ! ಬಿಳಿ ಎನಾಮಲಿನದು, ಅಂಚಿಗೆ ನೀಲಿ ಗೆರೆ, ಬುಡದಿಂದ ನಳಿಗೆ, ನಳಿಗೆಯ ತುದಿಗೆ ಪುಟ್ಟ ತಿರುಪು. ಬಾಯಿ ಬಿಡುವುದಿಲ್ಲವೆಂದು ತಾನೇ ಆಣೆ? ಸುಮ್ಮನೆ ಕೊಟ್ಟು ಬರುವುದಕ್ಕೇನು?

ಅಲ್ಲಿ ಹೆಂಗಸರು ನಾವು ತಂದ ಚೀಲಗಳನ್ನೆಲ್ಲ ಒಳಗೆ ಒಯ್ದು ಬಿಚ್ಚಿದರು. ನಾವು ಪಡಸಾಲೆಯಲ್ಲಿ ಕೂತು ಮಳೆ ಬೆಳೆ ಮಾತಾಡಿದೆವು. ಅಷ್ಟರಲ್ಲಿ ಹುಡುಗಿಯ ಅಜ್ಜಿ ಹೊರಗೆ ಬಂದಳು. ಕಣ್ಣಲ್ಲಿ ನೀರು.

"ಬರ್ರೆಪ್ಪಾ, ಎಲ್ಲಾರೂ ಬಂದು ನೋಡ್ರಿ!"

ಅಂಗಳದ ಪತ್ರಿ ಗಿಡದ ಕೆಳಗೆ ಆ ಮನೆಯವರದೊಂದು ಪುಟ್ಟ ಶಿವಾಲಯ. ಲಿಂಗದ ಮೇಲೆ ಹನಿ ಹನಿ ನೀರು ಬೀಳಲೆಂದು ತೂಗುಹಾಕಿದ್ದ ಹಳೆಯ ತಾಮ್ರದ ಧಾರಾಪಾತ್ರೆಯ ತೂತು ಸವೆದು, ನೀರು ಒಂದೇ ಸಮನೆ ಸುರಿದುಹೋಗುತ್ತಿತ್ತಂತೆ. ಅದನ್ನು ತೆಗೆದಿಟ್ಟು ಅಜ್ಜಿ ನಮ್ಮ ಬಿಳಿ ಡಬ್ಬಿಯನ್ನು ಅಲ್ಲಿ ತೂಗುಹಾಕಿದ್ದಳು. ಮೈಗೆ ಮೂರೆಳೆ ವಿಭೂತಿ, ಕೊರಳಿಗೆ ಕಣಗಿಲೆ ಹೂವಿನ ಸರ! ತಿರುಪನ್ನು ಹದವಾಗಿ ತಿರುಗಿಸಿದ್ದಳು. ನಳಿಗೆಯ ತುದಿಯಿಂದ ನೀರು ಟಪ್, ಟಪ್ ಎಂದು ಶಿವನ ನೆತ್ತಿಯ ಮೇಲೆ ಬೀಳುತ್ತಿತ್ತು.

"ಪಟ್ಟಣದಾಗ ಏನೇನು ಚಲೋ ಮಾಡ್ತಾರವ್ವಾ!" ಎಂದು ಅಜ್ಜಿ ಮಾವನ ಕಡೆ ತಿರುಗಿದಳು. "ಇದು ಧಾರಾಪಾತ್ರಿನ ಹೌದಲ್ಲೇನಪ್ಪಾ?"

ಅಪ್ಪ ಪತ್ರಿ ಎಲೆಗಳನ್ನು ಎಣಿಸತೊಡಗಿದರು. ನನಗೆ ಬೀಸಣಿಗೆ ಬೇಕಾಗಿತ್ತು. ಮಾವನ ಬಾಯಿ ತೆರೆಯಿತು, ಮುಚ್ಚಿತು. ಒಮ್ಮೆ ನನ್ನ ಮುಖ ನೋಡಿದ. ಎಂಥ ಮುಖ ಮಾಡಿದ್ದೆನೋ ನಾನು!

"ಹೌದ್ರೆವ್ವಾ," ಅಂದ ಮಾವ. "ನಿಮ್ಮ ಶಿವಗ ಅಂತನ ತಂದೀನ್ರಿ."

ಉಡಿ ತುಂಬಿದರು, ಸಕ್ಕರೆ ಹಂಚಿದರು. ಮರಳಿ ಬರುವಾಗ ಹರಗೋಲಿನಲ್ಲಿ ಮಾವ ಯಾರ ಹೊಟ್ಟೆಯನ್ನೂ ವಿಚಾರಿಸಲಿಲ್ಲ. ಊರು ಸೇರಿದವನೇ ಹಾಸಿಗೆ ಹಿಡಿದ. ಹೊಟ್ಟೆ ಕಲ್ಲಾಗಿತ್ತು. ಬಸ್ತಿಗೂ ಜಗ್ಗಲಿಲ್ಲ, ಔಡಲೆಣ್ಣೆಗೂ ಕರಗಲಿಲ್ಲ. ನೋಡಲು ಹೋದರೆ ಅತ್ತೆ ಬಾಗಿಲಲ್ಲೇ ಅಂದಳು: "ನಿನ್ನ ಮದಿವಿ ಹೊಟ್ಟ್ಯಾಗ ಇಟ್ಕೊಂಡು ಮಲ್ಕೊಂಡಾರ ನೋಡಪ್ಪಾ, ಬಾಣಂತಿ ಹಂಗ!"

ಹೇಗೋ ಚೇತರಿಸಿಕೊಂಡ. ಮದುವೆಯಾಯಿತು. ಆಮೇಲೆ ಗದ್ವಾಲಕ್ಕೆ ಹೋದಾಗಲೆಲ್ಲ ಮಾವ ಕಾಲು ತೊಳೆದವನೇ ಮೊದಲು ಅಂಗಳಕ್ಕೆ ಹೋಗಿ, ಆ ಡಬ್ಬಿಗೆ ನೀರು ತುಂಬಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಎಂಥ ಭಕ್ತರು ಎಂದು ಬೀಗರು ಕೈ ಮುಗಿಯುತ್ತಿದ್ದರು. ನಾನು ಮಾತ್ರ ಹೆಂಡತಿಗೆ ಎಂದಾದರೂ ಗೊತ್ತಾದೀತೆಂದು ವರ್ಷಗಟ್ಟಲೆ ಚಿಂತಿಸಿದೆ.

ಕಳೆದ ಚಳಿಗಾಲದಲ್ಲಿ ಮಾವ ಮತ್ತೆ ಮಲಗಿದ. ಈ ಸಲ ಏಳುವ ಲಕ್ಷಣವಿರಲಿಲ್ಲ. ನಾವಿಬ್ಬರೂ ನಾರಾಯಣಪೇಟೆಗೆ ಹೋದೆವು. ಅವನ ಕೈ ಹಿಡಿದರೆ ಮೂಳೆಯೇ ಸಿಕ್ಕಿತು. ನನ್ನ ಹೆಂಡತಿ ಹಾಸಿಗೆಯ ಅಂಚಿಗೆ ಕೂತು, ಹಣೆಯ ಮೇಲಿನ ಕೂದಲು ಸರಿಸಿ ಕೇಳಿದಳು:

"ಮಾವಾರ, ಹೊಟ್ಟಿ ಸಾಫ್ ಆತೇನ್ರಿ?"

ಮಾವನ ಮುಖ ಅರಳಿತು. "ಎಲ್ಲಾ ಸಾಫ್ ಆತವ್ವಾ," ಅಂದ. "ಒಂದು ಮಾತ್ರ ಒಳಗ ಉಳದೈತಿ."

"ಇರಲಿ ಬಿಡ್ರಿ," ಅಂದಳು ಅವಳು. "ನಮ್ಮ ಶಿವಗ ತೂಗಹಾಕಿದಂಥಾ ಡಬ್ಬಿ ದವಾಖಾನ್ಯಾಗ ಯಾರಿಗೋ ಹಚ್ಚಿದ್ದು ನಾ ಸಣ್ಣಾಕಿದ್ದಾಗ ನೋಡಿದ್ದೆ. ನಾನೂ ಉಡಿ ತುಂಬಿದ ದಿನದಿಂದ ಒಳಗ ಇಟ್ಕೊಂಡೀನ್ರಿ. ಏನೂ ಕೊಳತಿಲ್ಲ."

ಮಾವ ಅವಳನ್ನೇ ನೋಡಿದ. ನನ್ನನ್ನು ನೋಡಿದ. ಆಮೇಲೆ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು, ದನಿಯಿಲ್ಲದೆ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕ.