ಪಟಪಟಿಗೆ ಹೊಸ ಕೊಂಬು ಹಾಕಿಸಿದ ಖರ್ಚು

ನನ್ನ ಜಾತಕದಲ್ಲೇ ಏನೋ ಇರಬೇಕು. ದಾರಿಯಲ್ಲಿ ತನ್ನ ಪಾಡಿಗೆ ತಾನು ಹೋಗುವ ತಾಪತ್ರಯ ನನ್ನನ್ನು ಕಂಡರೆ ನಿಂತು, ಚೆನ್ನಾಗಿದ್ದೀರಾ ಅಂತ ವಿಚಾರಿಸಿ, ಜೊತೆಯಲ್ಲೇ ಮನೆಗೆ ಬಂದುಬಿಡುತ್ತದೆ. ಮಹಾರಾಜರ ಸರ್ಕಾರದಲ್ಲಿ ದನದ ಡಾಕ್ಟರಾಗಿ ಮಧುಗಿರಿಯಲ್ಲಿದ್ದಾಗ ಒಂದು ವರ್ಷವಂತೂ ಬಂದದ್ದೆಲ್ಲ ಒಂದು ಹ್ಯಾಂಡಲ್ಲಿನ ದೆಸೆಯಿಂದಲೇ ಬಂತು. ಹೊಸ ಹ್ಯಾಂಡಲ್ ಹಾಕಿಸುವುದಕ್ಕೆ ಎಷ್ಟಾಗುತ್ತದೆ ಅಂತ ಕೇಳಿಕೊಂಡು ತಾಲ್ಲೂಕು ತಾಲ್ಲೂಕು ಸುತ್ತಿದೆ. ಉತ್ತರ ಹೇಳಿದವರೆಲ್ಲ ಒಳ್ಳೆಯವರೇ. ನನಗೆ ಮಾತ್ರ ಒಂದೂ ಅರ್ಥವಾಗಲಿಲ್ಲ.

ಗಾಡಿ ಯಾರದು ಅಂತ ಮೊದಲು ಹೇಳಿಬಿಡುತ್ತೇನೆ. ಮೋಟಾರ್ ಸೈಕಲ್ಲಿಗೆ ಆಗ ನಮ್ಮ ಕಡೆ ಪಟಪಟಿ ಅಂತಲೇ ಹೆಸರು, ಅದರ ಹ್ಯಾಂಡಲ್ಲಿಗೆ ಕೊಂಬು ಅಂತ. ಈ ಪಟಪಟಿ ನಮ್ಮ ಮಾವನವರದು. ಅವರು ಕಂದಾಯ ಇಲಾಖೆಯಲ್ಲಿ ಶೇಕ್ದಾರರಾಗಿದ್ದು, ಪಿಂಚಣಿ ಬಂದ ಮೇಲೆ ಕೊರಟಗೆರೆ ಹತ್ತಿರದ ತಮ್ಮ ಹಳ್ಳಿಯಲ್ಲಿ ಬೇಸಾಯ ಮಾಡಿಸಿಕೊಂಡಿದ್ದರು. ಸೀಮೆಗೆ ವಾಪಸು ಹೊರಟ ಯಾವನೋ ಬಿಳಿ ದೊರೆಯಿಂದ ಗಾಡಿ ಕೊಂಡು ತಂದಿದ್ದರು. ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ನಾನು ಹಳ್ಳಿಯಿಂದ ಹಳ್ಳಿಗೆ ನಡೆದು ಸವೆಯುತ್ತಿರುವುದನ್ನು ಮಗಳ ಬಾಯಲ್ಲಿ ಕೇಳಿ ಕೇಳಿ ಒಂದು ದಿನ ಮನಸ್ಸು ಮಾಡಿದರು.

"ನೋಡಿ ಅಳಿಯಂದ್ರೆ, ಸುಗ್ಗಿವರ್ಗೂ ಓಡ್ಸಿ. ಸುಗ್ಗೀಲಿ ನಮ್ಮ ಕಣದ ಹತ್ರ ತಂದು ನಿಲ್ಸಿ. ಎಲ್ಲೂ ಮುರ್ದಿಲ್ಲ, ಬೆಸ್ದಿಲ್ಲ ಅಂದ್ರೆ ಗಾಡಿ ನಿಮ್ಗೇ. ಏನಾರ ಆಗಿದ್ರೆ, ದೇವರು ಕಾಲು ಕೊಟ್ಟವ್ನೆ ನಿಮ್ಗೆ."

ದೇವರು ಕಾಲು ಕೊಟ್ಟಿದ್ದು ನಿಜ. ಆದರೆ ಮಧುಗಿರಿಯಿಂದ ಪಾವಗಡಕ್ಕೆ ನಡೆಯಲಿ ಅಂತ ಕೊಟ್ಟಿರಲಾರ.

ಗೂಟ

ಬಡವನಹಳ್ಳಿಯಲ್ಲಿ ಒಬ್ಬ ರೈತನ ಎತ್ತಿಗೆ ಸೂಜಿ ಹಾಕಬೇಕಾಗಿತ್ತು. ಎತ್ತು ಅಂದರೆ ಎತ್ತು, ಒಂದು ಸಣ್ಣ ಗುಡ್ಡ. ನಾನು ಪೆಟ್ಟಿಗೆ ತೆಗೆದು ಔಷಧಿ ಬೆರೆಸುತ್ತಾ, ತಲೆ ಎತ್ತದೆ, ಗಟ್ಟಿಯಾಗಿರೋ ಕಡೆ ಕಟ್ಟಯ್ಯಾ ಅಂದೆ. ಅವನು ಅತ್ತಿತ್ತ ನೋಡಿದ. ಅಲ್ಲಿದ್ದ ಬೇಲಿ ಪುಳ್ಳೆಯದು. ಮರ ದೂರ ಇತ್ತು. ಕಬ್ಬಿಣದ್ದು ಅಂತ ಕಣ್ಣಿಗೆ ಬಿದ್ದದ್ದು ನಮ್ಮ ಮಾವನವರ ಪಟಪಟಿ ಒಂದೇ. ಅದರ ಹ್ಯಾಂಡಲ್ಲಿಗೆ ಎತ್ತಿನ ಹಗ್ಗ ಬಿಗಿದ.

ನಾನು ಸೂಜಿ ಚುಚ್ಚಿದೆ. ಎತ್ತು ತಿರುಗಿ ನನ್ನ ಮುಖವನ್ನೊಮ್ಮೆ ನೋಡಿ ಹೊರಟೇಬಿಟ್ಟಿತು. ಪಟಪಟಿಯೂ ಸ್ವಲ್ಪ ದೂರ ಅದರ ಜೊತೆ ಹೋಯಿತು. ಆಮೇಲೆ ಚರಂಡಿ ಬಂತು. ಪಟಪಟಿ ಅಲ್ಲೇ ಉಳಿಯಿತು, ಹ್ಯಾಂಡಲ್ ಮಾತ್ರ ಹಗ್ಗದಲ್ಲಿ ನೇತಾಡಿಕೊಂಡು ಹೊಲ ದಾಟಿ, ಬದು ದಾಟಿ, ಕೆರೆ ಅಂಗಳದವರೆಗೆ ಸವಾರಿ ಮಾಡಿತು. ಸಿಕ್ಕಾಗ ಅದಕ್ಕೆ ಒಂದು ಕೈ ಇರಲಿಲ್ಲ, ಇನ್ನೊಂದು ಕೈ ಎತ್ತ ಕಡೆಗೆ ಅಂತ ಹೇಳುವ ಹಾಗಿರಲಿಲ್ಲ.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ರೈತ ಏದುಸಿರು ಬಿಡುತ್ತಾ ಬಂದ. ಗಾಡಿ ನೋಡಿದ, ನನ್ನನ್ನು ನೋಡಿದ. ತಪ್ಪಾಯ್ತು ಅನ್ನುತ್ತಾನೆ, ಸಮಾಧಾನ ಮಾಡೋಣ ಅಂತ ನಾನು ಕಾಯುತ್ತಿದ್ದೆ.

"ನಿಮ್ ಗೂಟ ಗಟ್ಟಿ ಇಲ್ಲ ಸ್ವಾಮಿ," ಅಂದ.

ಮಾತು ಕೇಳದ ಗಾಡಿ

ಅಪ್ಪನಿಗೆ ಹೇಳಲೇಬೇಡಿ, ಸುಗ್ಗಿ ಇನ್ನೂ ದೂರ ಇದೆ, ಅಷ್ಟರಲ್ಲಿ ಹೊಸದು ಹಾಕಿಸಿಬಿಡಿ ಅಂತ ನನ್ನ ಹೆಂಡತಿ ಸಲೀಸಾಗಿ ಹೇಳಿದಳು, ಜುಬ್ಬಕ್ಕೆ ಗುಂಡಿ ಹಾಕಿಸುವ ಹಾಗೆ. ಬಡವನಹಳ್ಳಿಯಲ್ಲೇ ಬಿಟ್ಟು ಬಂದಿದ್ದ ಪಟಪಟಿಯನ್ನು ಎತ್ತಿನ ಗಾಡಿಯ ಮೇಲೆ ಹೇರಿ ಶಿರಾಕ್ಕೆ ಒಯ್ದೆ. ಅಲ್ಲಿ ಸೈಕಲ್ ರಿಪೇರಿ ಮಾಡುವ ಸಾಹೇಬರೊಬ್ಬರಿದ್ದರು. ಎಷ್ಟಾಗುತ್ತೆ ಅಂತ ಕೇಳಿದೆ. ಅವರು ನಕ್ಕು, ನಿಮ್ಮ ಹತ್ತಿರ ದುಡ್ಡು ತಗೊಳ್ಳೋದಾ ಅಂದು ಒಳಗಿಂದ ಒಂದು ಮೇಕೆ ಹಿಡಿದುಕೊಂಡು ಬಂದರು. ಪಾಪ, ಅದರ ಹೊಟ್ಟೆ ಉಬ್ಬರಿಸಿತ್ತು. ನಾನು ಔಷಧಿ ಕುಡಿಸಿದೆ. ಸಾಹೇಬರು ಪಟಪಟಿಗೆ ಒಂದು ಸೈಕಲ್ ಹ್ಯಾಂಡಲ್ ತುರುಕಿ, ಸುತ್ತ ತಗಡು ಸುತ್ತಿ ಬಡಿದರು. ಹಾಗಾದರೆ ಮೇಕೆಯ ಔಷಧಿಗೆ ಹ್ಯಾಂಡಲ್ಲೋ, ಹ್ಯಾಂಡಲ್ಲಿಗೆ ಔಷಧಿಯೋ, ಇಲ್ಲ ಇನ್ನೂ ಯಾರಾದರೂ ಯಾರಿಗಾದರೂ ಕೊಡಬೇಕೋ ಅನ್ನುವುದು ನನಗೆ ಬಗೆಹರಿಯಲಿಲ್ಲ. ಫಿಕರ್ ಬೇಡ, ಓಡ್ಸಿ ನೋಡಿ ಅಂದರು ಸಾಹೇಬರು.

ಓಡಿಸಿದೆ. ನೆಟ್ಟಗಿದ್ದ ರಸ್ತೆಯಲ್ಲಿ ಏನೂ ತೊಂದರೆಯಾಗಲಿಲ್ಲ. ಕೆರೆ ಏರಿ ಹತ್ತಿರ ಎಡಕ್ಕೆ ತಿರುಗಬೇಕು, ಹ್ಯಾಂಡಲ್ ಎಡಕ್ಕೆ ತಿರುಗಿಸಿದೆ. ಹ್ಯಾಂಡಲ್ ಸೊಗಸಾಗಿ ತಿರುಗಿತು. ಗಾಡಿ ಮಾತ್ರ ನೇರ ಹೋಗಿ ಎದುರಿಗೆ ಬರುತ್ತಿದ್ದ ಹುಲ್ಲಿನ ಗಾಡಿಯೊಳಕ್ಕೆ ನುಗ್ಗಿತು. ನಾನು ಕಣ್ಣು ಮೂಗಿನಲ್ಲೆಲ್ಲ ಹುಲ್ಲು ತುಂಬಿಕೊಂಡು ಹೊರಗೆ ಬರುವಷ್ಟರಲ್ಲಿ ಸಾಹೇಬರು ಓಡಿ ಬಂದಿದ್ದರು. ನನ್ನನ್ನು ಬಿಟ್ಟು ಮೊದಲು ಹ್ಯಾಂಡಲ್ಲನ್ನು ತಡವಿ ನೋಡಿದರು.

"ಹ್ಯಾಂಡಲ್ ಬರಾಬರ್ ಇದೆ ಡಾಕ್ಟರ್ ಸಾಬ್. ಗಾಡೀನೇ ಮಾತು ಕೇಳ್ಲಿಲ್ಲ."

ಬೆಕ್ಕಿನ ಚಿಕಿತ್ಸೆ

ಪಟಪಟಿಗೆ ಪಟಪಟಿಯದ್ದೇ ಹ್ಯಾಂಡಲ್ ಆಗಬೇಕು, ಪಾವಗಡದಾಚೆ ಕ್ಯಾತಗಾನಚೆರ್ಲಿನ ರೆಡ್ಡಿಯವರೊಬ್ಬರ ಮನೆಯಲ್ಲಿ ಒಂದು ಹಳೆಯ ಗಾಡಿ ಇದೆ ಅಂತ ಸಾಹೇಬರೇ ದಾರಿ ತೋರಿಸಿದರು. ಪಟಪಟಿಯನ್ನು ಮತ್ತೆ ಬಡವನಹಳ್ಳಿಗೆ ಸಾಗಿಸಿ, ಸೈಕಲ್ ಹ್ಯಾಂಡಲ್ ಬಿಚ್ಚಿಸಿ, ಅಳತೆಗೆ ಇರಲಿ ಅಂತ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಸ್ಸು ಹತ್ತಿದೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತವನ ಪಕ್ಕದಲ್ಲಿ ಯಾರೂ ಕೂರಲಿಲ್ಲ.

ರೆಡ್ಡಿಯವರ ಪಟಪಟಿ ಯಾವತ್ತೋ ಸತ್ತಿತ್ತು. ಅದರ ಚಕ್ರ ಬಾವಿಗೆ ರಾಟೆಯಾಗಿತ್ತು. ಹ್ಯಾಂಡಲ್ಲನ್ನು ಅಡುಗೆಮನೆಯ ಗೋಡೆಗೆ ಹೂತು, ಬೆಕ್ಕಿಗೆ ಎಟುಕದಿರಲಿ ಅಂತ ಒಂದೊಂದು ಕೈಗೆ ಒಂದೊಂದು ಮೊಸರಿನ ಗಡಿಗೆ ನೇತುಹಾಕಿದ್ದರು. ಎಷ್ಟು ಕೊಡಲಿ ಅಂತ ರೆಡ್ಡಿಯವರನ್ನು ಕೇಳಿದರೆ ಅವರು ತಾಯಿಯ ಮುಖ ನೋಡಿದರು. ಆ ಅಜ್ಜಿ ತೆಲುಗಿನಲ್ಲಿ ಡಬ್ಬು ವದ್ದು ಅಂದರು. ದುಡ್ಡು ಬೇಡವಂತೆ. ಹ್ಯಾಂಡಲ್ ಕಿತ್ತುಕೊಂಡು ಹೋದರೆ ಮೊಸರು ಬೆಕ್ಕಿನ ಪಾಲಾಗುತ್ತದೆ, ಅದಕ್ಕೇ ಬೆಕ್ಕಿಗೊಂದು ಸೂಜಿ ಹಾಕಿ, ಮೊಸರಿನ ಆಸೆ ಹೋಗಬೇಕು ಅಂದರು.

ಅಂಥ ಸೂಜಿ ಇಲ್ಲಮ್ಮ ಅಂದೆ. ಅಜ್ಜಿ ನಂಬಲಿಲ್ಲ.

"ಎದ್ದುಕಿ ವೇಸ್ತಾರು, ಪಿಲ್ಲಿಕಿ ವೇಯರಾ? ಎತ್ತಿಗಾದ್ರೆ ಆಗ್ತದೆ, ನಮ್ಮ ಪಿಲ್ಲಿಗೆ ಆಗಲ್ವಾ ಸಾಮಿ?"

ಗಡಿಗೆ ತೂಗುಹಾಕಲು ಶಿರಾದ ಸೈಕಲ್ ಹ್ಯಾಂಡಲ್ಲನ್ನೇ ಗೋಡೆಗೆ ಹೂಳಿಸಿಕೊಟ್ಟೆ. ಊಹೂಂ, ಸೂಜಿಯೂ ಆಗಬೇಕು. ಕೊನೆಗೆ ಬೇಸತ್ತು, ಕಾಯಿಸಿ ಆರಿಸಿದ ಒಂದಿಷ್ಟು ನೀರನ್ನೇ ಬೆಕ್ಕಿನ ತೊಡೆಗೆ ಚುಚ್ಚಿದೆ. ಅದು ನನ್ನ ಎರಡು ಕೈಯನ್ನೂ ಒಂದು ಕೆನ್ನೆಯನ್ನೂ ಪರಚಿ ಅಟ್ಟ ಹತ್ತಿ ಕೂತಿತು. ಮೊಸರಿನ ಕಡೆ ತಿರುಗಿಯೂ ನೋಡಲಿಲ್ಲ. ಅಜ್ಜಿಗಾದ ಸಂತೋಷ ಅಷ್ಟಿಷ್ಟಲ್ಲ. ನಾನು ಮುಖ ತೊಳೆದುಕೊಂಡು, ಹ್ಯಾಂಡಲ್ ಹೆಗಲಿಗೇರಿಸಿ ಹೊರಗೆ ಬಂದರೆ, ಬಾಗಿಲಲ್ಲಿ ಊರವರು ತಂತಮ್ಮ ಬೆಕ್ಕು ಹಿಡಿದುಕೊಂಡು ಸಾಲಾಗಿ ನಿಂತಿದ್ದರು.

ಕೆಡವಿ ಹಾಕಿದ್ದು

ಇನ್ನು ಹಾಕಿಸುವುದೊಂದು ಬಾಕಿ. ಬಡವನಹಳ್ಳಿಯಲ್ಲೇ ಒಬ್ಬ ಕಮ್ಮಾರ ಇದ್ದ, ನೇಗಿಲ ಗುಳ ತಟ್ಟುವುದು, ಎತ್ತಿಗೆ ಲಾಳ ಕಟ್ಟುವುದು ಅವನ ಕೆಲಸ. ಹ್ಯಾಂಡಲ್ ನೋಡಿದ, ಪಟಪಟಿ ಸುತ್ತ ಒಂದು ಸುತ್ತು ಬಂದ. ಆಗ್ತದೆ ಅಂದ. ಆಮೇಲೆ ತಮ್ಮಂದಿರ ಕಡೆ ತಿರುಗಿ, ಹಗ್ಗ ತಗಂಡು ಬಂದು ಕೆಡವ್ರಲಾ ಅಂದ.

ಯಾಕಯ್ಯಾ ಕೆಡವೋದು, ನಿಲ್ಲಿಸಿಕೊಂಡೇ ಹಾಕು ಅಂದೆ. ಕೆಡವದೆ ಕಬ್ಬಿಣ ಹಾಕೋದು ಎಲ್ಲಾರ ಉಂಟಾ ಸ್ವಾಮಿ, ಒದ್ರೆ ಯಾರು ನೋಡ್ಕತಾರೆ ಅಂದ. ಇದು ಒದೆಯೋದಲ್ಲ ಅಂದೆ. ದನ ತಂದವರೆಲ್ಲ ಅಂಗೇ ಅಂತಾರೆ ಅಂದ. ಎರಡು ಚಕ್ರಕ್ಕೂ ಹಗ್ಗ ಹಾಕಿ ಎಳೆದರು. ಪಟಪಟಿ ದಪ್ಪನೆ ಮಗ್ಗುಲಿಗೆ ಬಿತ್ತು, ಬೀಳುವಾಗ ಅದರ ಒದ್ದು ಚಾಲೂ ಮಾಡುವ ಸರಳು ಹೊರಳಿ ಒಬ್ಬ ತಮ್ಮನ ಮೊಣಕಾಲಿಗೆ ಬಡಿಯಿತು. ಅವನು ಮೊಣಕಾಲು ಹಿಡಿದು ಕೂತ. ಕಮ್ಮಾರ ನನ್ನ ಕಡೆ ನೋಡಿದ.

ಕೆಲಸ ಮಾತ್ರ ಸುಳ್ಳು ಹೇಳಬಾರದು, ಬಲು ಗಟ್ಟಿ. ಹೊಸ ಹ್ಯಾಂಡಲ್ ಹಳೆಯದಕ್ಕಿಂತ ಅಗಲ, ನೋಡಿದರೆ ಗೊತ್ತಾಗುತ್ತಿತ್ತು, ಅದೊಂದೇ ನನಗೆ ಭಯ. ಎಷ್ಟಪ್ಪಾ ಅಂದೆ. ಗಾಡಿ ಯಾರ್ದು ಸ್ವಾಮಿ ಅಂತ ಕೇಳಿದ. ಮಾವನವರದು ಅಂದೆ. ಊರು ಯಾವುದು, ಜಮೀನೈತಾ, ರಾಗಿ ಕಣ ಯಾವಾಗ ಮಾಡ್ತಾರೆ ಅಂತ ಕೇಳಿದ. ಒಳ್ಳೆ ಮಾತುಗಾರ ಅಂದುಕೊಂಡು ಎಲ್ಲಾ ಹೇಳಿದೆ. ದುಡ್ಡು ಮುಟ್ಟಾಕಿಲ್ಲ ಸ್ವಾಮಿ, ಸುಗ್ಗೀಲಿ ನೋಡ್ಕಳಾವ ಅಂದ. ದೊಡ್ಡ ಮನಸ್ಸಿನವನು, ದುಡ್ಡು ಬೇಡ ಅನ್ನುವುದಕ್ಕೆ ಎಂಥಾ ಮರ್ಯಾದೆಯ ಮಾತು ಅಂತ ಕೈ ಮುಗಿದು ಬಂದೆ.

ಕಣದಲ್ಲಿ

ಸುಗ್ಗಿ ಬಂತು. ಪಟಪಟಿಯನ್ನು ಮಿರಿಮಿರಿ ಒರೆಸಿ ಮಾವನವರ ಕಣದ ಪಕ್ಕ ನಿಲ್ಲಿಸಿದೆ. ಮಾವನವರು ಚಕ್ರ ನೋಡಿದರು, ಸೀಟು ತಟ್ಟಿದರು, ಬಗ್ಗಿ ಅಡಿ ನೋಡಿದರು. ಹ್ಯಾಂಡಲ್ ಹತ್ತಿರ ಬಂದಾಗ ಮಾತ್ರ ಅದ್ಯಾಕೋ ಆಕಾಶ ನೋಡಿದರು. ಸರಿಯಾಗೈತೆ ಬಿಡಿ ಅಂದರು. ಅಷ್ಟು ಅಗಲದ ಕೊಂಬು ಶೇಕ್ದಾರರ ಕಣ್ಣಿಗೆ ಹೆಂಗೆ ಬೀಳಲಿಲ್ಲ ಅಂತ ನನಗೇ ತಲೆ ಕೆಟ್ಟಿತು.

ಕಣದಲ್ಲಿ ರಾಗಿ ರಾಶಿ ಮಾಡಿ ಪೂಜೆ ಆಗಿತ್ತು. ರಾಶಿ ಹತ್ತಿರ ಯಾರೂ ದನಿ ಎತ್ತುವ ಹಾಗಿಲ್ಲ, ಸಿಟ್ಟು ಮಾಡುವ ಹಾಗಿಲ್ಲ, ಲಕ್ಷ್ಮಿ ಹೊರಟುಹೋಗುತ್ತಾಳೆ. ಅಳೆಯುವಾಗಂತೂ ಬಾಯೇ ಬಿಡುವ ಹಾಗಿಲ್ಲ. ಅತ್ತೆಯವರು ಮೊರ ಹಿಡಿದು ಕೂತಿದ್ದರು. ಊರ ಕಮ್ಮಾರ ತನ್ನ ಆಯಕ್ಕೆ ಕಾದು ನಿಂತಿದ್ದ. ಆಯ ಅಂದರೆ, ವರ್ಷವೆಲ್ಲಾ ಅವನು ಕೂಲಿ ಕೇಳದೆ ನೇಗಿಲು ಕುಡುಗೋಲು ಸರಿಮಾಡಿಕೊಡುವುದು, ರೈತ ಸುಗ್ಗಿಯಲ್ಲಿ ನೇಗಿಲಿಗಿಷ್ಟು ಅಂತ ರಾಶಿಯಿಂದಲೇ ರಾಗಿ ಅಳೆದುಕೊಡುವುದು. ಒಂದು ಸಲ ಅವನ ಕೈಯಲ್ಲಿ ಕೆಲಸ ಮಾಡಿಸಿಕೊಂಡು ಅವನ ಒಕ್ಕಲಾದರೆ ಮುಗಿಯಿತು, ತಲೆತಲಾಂತರಕ್ಕೂ ಬಿಡುವಂತಿಲ್ಲ.

ಅಷ್ಟರಲ್ಲಿ ಒಂದು ಎತ್ತಿನ ಗಾಡಿ ಬಂದು ನಿಂತಿತು. ಇಳಿದವನು ಬಡವನಹಳ್ಳಿಯ ಕಮ್ಮಾರ, ಕೈಯಲ್ಲಿ ಗೋಣಿಚೀಲ. ನಾನು ಹೋಗಿ ಪಟಪಟಿಯ ಹ್ಯಾಂಡಲ್ಲಿಗೆ ಅಡ್ಡ ನಿಂತೆ. ಅವನು ಚಪ್ಪಲಿ ಬಿಟ್ಟು, ರಾಶಿಗೆ ಕೈ ಮುಗಿದು, ಮಾವನವರಿಗೂ ಕೈ ಮುಗಿದ. ಪಟಪಟಿಗೆ ಕೊಂಬು ಹಾಕಿದೋನು ನಾನೇ ಬುದ್ಧಿ, ಆಯಕ್ಕೆ ಬಂದಿವ್ನಿ ಅಂದ.

ಮಾವನವರ ಮುಖ ಕೆಂಪಡರಿತು. ಆದರೆ ರಾಶಿ ಪಕ್ಕದಲ್ಲೇ ಇದೆ. ಕೂಸಿಗೆ ಜೋಗುಳ ಹೇಳುವ ದನಿಯಲ್ಲಿ, ಮುರಿದಿದ್ರಾ ಅಳಿಯಂದ್ರೆ ಅಂತ ಕೇಳಿದರು. ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಗಾಡಿ ಹೋಯಿತು, ಇನ್ನು ಕಾಲೇ ಗತಿ ಅಂದುಕೊಂಡೆ.

ನಾನು ಬಾಯಿ ತೆರೆಯುವ ಮುಂಚೆ ಅವರ ಊರ ಕಮ್ಮಾರ ನಡುವೆ ಬಂದ. ಅವನಿಗೆ ಸಿಟ್ಟು ಬಂದಿತ್ತು, ಅವನೂ ಪಿಸುಗುಟ್ಟಿದ.

"ಈ ಗಾಡಿ ನನ್ ಒಕ್ಕಲು ಕಣಯ್ಯಾ. ಶೇಕ್ದಾರ್ರು ಬೇವಿನ ಮರಕ್ಕೆ ಗುದ್ದಿ ಮುರ್ದಾಗ ಮೊದ್ಲು ಕೊಂಬು ಹಾಕ್ದೋನು ನಾನು. ನೀನು ಹೆಂಗೆ ಕೈ ಇಟ್ಟೆ ಅದ್ಕೆ?"

ಮಾವನವರು ಮತ್ತೆ ಆಕಾಶ ನೋಡಿದರು. ಆಗ ನನಗೆ ಹೊಳೆಯಿತು, ಅವರು ಹ್ಯಾಂಡಲ್ ಯಾಕೆ ನೋಡಲಿಲ್ಲ ಅಂತ. ಅಳಿಯನನ್ನು ಕೇಳಿದರೆ ಊರ ಕಮ್ಮಾರನ ಬಾಯಿಂದ ತಮ್ಮ ಬೇವಿನ ಮರ ಹೊರಗೆ ಬರುತ್ತಿತ್ತು.

ಅತ್ತೆಯವರು ಮೊರ ಕೆಳಗಿಟ್ಟರು.

"ಅದ್ಕೇನಾ ಮನೇಲಿರೋ ಮೂರು ನೇಗ್ಲಿಗೆ ವರ್ಷಾ ವರ್ಷಾ ನಾಲ್ಕು ನೇಗ್ಲಿನ ಆಯ ಕೊಡೋದು? ನಾಲ್ಕನೇದು ಎಲ್ಲೈತೆ ಅಂತ ನಾನು ಕೊಟ್ಟಿಗೆಯೆಲ್ಲ ಹುಡುಕಿದ್ದೇನು."

ಇಬ್ಬರು ಕಮ್ಮಾರರಿಗೂ ಬರಿಗೈಯಲ್ಲಿ ಹೋಗಬೇಡಿ ಅಂತ ತಾವೇ ನಿಂತು ರಾಗಿ ಅಳೆಸಿದರು. ಅಳತೆ ಮುಗಿದ ಮೇಲೆ, ಎತ್ತಿಗೂ ಕೊಂಬು ಬರೋದು ಒಂದೇ ಸಲ, ಇದಕ್ಕೆ ಎಷ್ಟು ಸಲ ಅಂತ ಗೊಣಗಿದರು. ಆಮೇಲೆ ತೀರ್ಪು ಕೊಟ್ಟರು. ಅಳಿಯಂದ್ರೆ, ಗಾಡಿ ನೀವೇ ಇಟ್ಕಳಿ, ಇಲ್ಲಿದ್ರೆ ನಮ್ ಯಜಮಾನ್ರು ಇನ್ನೊಂದ್ಸಲ ಮುರೀತಾರೆ, ಆಮೇಲೆ ನಮ್ಗೆ ಹಿಟ್ಟಿಗೂ ಉಳಿಯಾಕಿಲ್ಲ ಅಂದರು. ಮಾವನವರು ತಲೆಯಾಡಿಸಿದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆ ಸಂತೋಷ ಮುಂದಿನ ಸುಗ್ಗಿವರೆಗಿತ್ತು. ಒಂದು ಬೆಳಗ್ಗೆ ಮಧುಗಿರಿಯ ನನ್ನ ಮನೆ ಜಗಲಿಯ ಮೇಲೆ ಇಬ್ಬರು ಕಮ್ಮಾರರೂ ಚೀಲ ಹಿಡಿದು ಕೂತಿದ್ದರು. ಈಗ ಅವರಲ್ಲಿ ಬಲು ಸ್ನೇಹ. ಗಾಡಿ ನಿಮ್ದಾಯ್ತಲ್ಲ ಸ್ವಾಮಿ, ಕಣ ಎಲ್ಲಿ ಅಂದರು. ನನಗೆ ಕೈಯಗಲ ಜಮೀನಿಲ್ಲ. ಸಂತೆಯಿಂದ ಒಂದು ಮೂಟೆ ರಾಗಿ ತರಿಸಿದೆ. ಮೂಟೆಯಿಂದ ಆಯ ತಗೊಂಡು ನಮಗೆ ಅಭ್ಯಾಸವಿಲ್ಲ, ರಾಶಿಯಿಂದಲೇ ಆಗಬೇಕು ಅಂತ ಹಟ ಹಿಡಿದರು. ಮನೆ ಮುಂದೆ ಸಾರಿಸಿ, ರಾಗಿ ಸುರಿದು ರಾಶಿ ಮಾಡಿ, ನನ್ನ ಹೆಂಡತಿ ಹೂವಿಟ್ಟು ಕೈ ಮುಗಿದಳು. ನಾನು ಚಪ್ಪಲಿ ಬಿಟ್ಟು, ಬಾಯಿ ಮುಚ್ಚಿಕೊಂಡು ಅಳೆಯುತ್ತಿದ್ದೆ.

ಕಚೇರಿಗೆ ಹೊರಟಿದ್ದ, ತಾಲ್ಲೂಕಿನ ಕಂದಾಯ ನೋಡುವ ಅಮಲ್ದಾರರು ನೋಡಿ ನಿಂತರು. ಭೇಷ್ ಡಾಕ್ಟ್ರೇ, ಬೆಳೆ ಚೆನ್ನಾಗೇ ಬಂದಿದೆ, ಯಾವ ಜಮೀನು ಅಂತ ಕೇಳಿದರು.

ಅಳೆಯುವಾಗ ಮಾತಾಡುವ ಹಾಗಿರಲಿಲ್ಲ. ಪಟಪಟಿ ಕಡೆ ಕೈ ತೋರಿಸಿದೆ.