ಮೇಷ್ಟ್ರು ಬಾಯಿ ಬಿಡದ ದಿನ

ತಪ್ಪೆಲ್ಲ ಹುಡುಗಿಯ ಅಮ್ಮನದು. "ಅರ್ಜಿ ಕೊಡೋಕೆ ನಾಳೆ ಕಾಲೇಜಿಗೆ ಅವಳೊಬ್ಬಳೇ ಹೋಗಿ ಬರ್ಲಿ ಮೇಷ್ಟ್ರೇ. ನೀವು ನಡುವೆ ಬಾಯಿ ಹಾಕಿ ಒಂದು ಮಾತಾಡಿದ್ರೂ ಕಾಲೇಜು ಬೇಡ, ಮನೇಲೇ ಇರ್ಲಿ," ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಿದ್ದಳು. ಹುಡುಗಿಗೆ ಕಣ್ಣು ಕಾಣುವುದಿಲ್ಲ. ಅಮ್ಮನಿಂದ ಏನನ್ನೂ ಮುಚ್ಚಿಡುವವಳೂ ಅಲ್ಲ.

"ಸುಮ್ನೆ ಮನೇಲಿ ಬಿದ್ಕೊಳ್ರೀ. ಮರಿ ಹಾಕಿದ ಬೆಕ್ಕಿನ ಥರ ಆಡ್ಬೇಡಿ," ಎಂದು ಶಾಲೆಯ ಹೆಡ್‌ಮೇಡಂ ಮೇಷ್ಟ್ರನ್ನು ಗದರಿದರು.

ಮೇಷ್ಟ್ರು ಕೇಳುವ ಆಸಾಮಿಯಲ್ಲ. ಬೆಳಿಗ್ಗೆ ಅದೇ ಬಸ್ಸಿನಲ್ಲಿ ನಾಲ್ಕು ಸೀಟು ಹಿಂದೆ ಕೂತರು. ಇಳಿದ ಮೇಲೆ ಚಪ್ಪಲಿ ಕಿರುಗುಟ್ಟಿತು. ಆ ಸದ್ದಿಗೆ ಹುಡುಗಿ ಗುರುತು ಹಿಡಿದಾಳೆಂದು ಅದನ್ನು ಕೈಯಲ್ಲಿ ಹಿಡಿದು, ಕಾದ ರಸ್ತೆಯಲ್ಲಿ ಕುಣಿಯುತ್ತ ಅವಳ ಹಿಂದೆ ನಡೆದರು. ಮುಂದೆ ಬಿಳಿ ಕೋಲು ಟಕ್ ಟಕ್ ಎನ್ನುತ್ತಿತ್ತು. ಏಳು ವರ್ಷದವಳಿದ್ದಾಗ ಮೊದಲ ಕೋಲಿನಿಂದ ಅವರ ಮೊಣಕಾಲಿಗೆ ಬಾರಿಸಿ, "ಸಾರ್, ಇದು ಕಂಬಾನಾ?" ಎಂದಿದ್ದಳು. ಸಂಜೆ ಗಂಟೆ ಹೊಡೆದ ಮೇಲೆ ಖಾಲಿ ಕೋಣೆ, ಒಂದೇ ಬೆಂಚು, ಬ್ರೈಲ್ ಪುಸ್ತಕದ ಉಬ್ಬಿದ ಚುಕ್ಕಿಗಳ ಮೇಲೆ ಹರಿದಾಡುವ ಪುಟ್ಟ ಬೆರಳು. ಹತ್ತು ವರ್ಷ ಹೋದದ್ದೇ ತಿಳಿಯಲಿಲ್ಲ.

"ಏಯ್! ಚಪ್ಪಲಿ ಕೈಲಿ ಹಿಡ್ಕೊಂಡು ಹುಡುಗಿ ಹಿಂದೆ ಯಾಕಯ್ಯಾ ಬಿದ್ದಿದ್ದೀಯ?" ಗೇಟಿನ ಕಾವಲುಗಾರ ಕಾಲರ್ ಹಿಡಿದ.

ಹುಡುಗಿ ಹತ್ತೇ ಹೆಜ್ಜೆ ಮುಂದಿದ್ದಳು. ಮೇಷ್ಟ್ರು ಬಾಯಿಗೆ ಬಂದ ಬೈಗುಳವನ್ನು ಬಿಸಿ ಆಲೂಗಡ್ಡೆಯಂತೆ ನುಂಗಿದರು.

"ಅಯ್ಯೋ, ಮಾತು ಬರಲ್ವಾ? ಮೊದ್ಲೇ ಹೇಳ್ಬಾರ್ದಾ!" ಕಾವಲುಗಾರ ಕರಗಿಹೋದ. ಅಂಗವಿಕಲ ವಿದ್ಯಾರ್ಥಿಗಳ ನೆರವಿನ ಕೋಣೆಗೆ ದರದರ ಎಳೆದೊಯ್ದ.

ಅಲ್ಲಿ ಹುಡುಗಿ ಗುಮಾಸ್ತನ ಮುಂದೆ ನೆಟ್ಟಗೆ ನಿಂತಿದ್ದಳು. "ಪರೀಕ್ಷೆಗೆ ಒಂದು ಗಂಟೆ ಹೆಚ್ಚು ಬೇಕು, ಬರೆಯೋಕೆ ಒಬ್ಬರು ಬೇಕು. ಇದು ನಿಮ್ಮ ದಯೆ ಅಲ್ಲ ಸಾರ್, ನನ್ನ ಹಕ್ಕು."

ಗುಮಾಸ್ತ ತೆಪ್ಪಗೆ ಮೊಹರು ಒತ್ತಿದ.

"ಇವರಿಗೂ ಒಂದು ಅರ್ಜಿ ಕೊಡಿ. ಪಾಪ, ಮೂಕ," ಎಂದ ಕಾವಲುಗಾರ.

"ಈ ವಯಸ್ಸಲ್ಲಿ ಕಾಲೇಜಾ? ಹೆಸರೇನು ಯಜಮಾನ್ರೇ?" ಎಂದ ಗುಮಾಸ್ತ.

ಮೇಷ್ಟ್ರು ಸೂರು ನೋಡಿದರು.

"ನಾನು ಕೇಳ್ತೀನಿ ಇರಿ," ಎಂದಳು ಹುಡುಗಿ. "ಕೈ ಕೊಡಿ. ಹೌದಾದ್ರೆ ಒಂದ್ಸಲ ಒತ್ತಿ, ಇಲ್ಲಾಂದ್ರೆ ಎರಡು ಸಲ."

ಕೈ ಹಿಡಿದವಳು ಆ ಬೆರಳುಗಳನ್ನು ಒಂದೊಂದಾಗಿ ತಡವಿ ನೋಡಿದಳು. ಆಮೇಲೆ ಮೇಷ್ಟ್ರ ಹೆಸರು, ಅವರಪ್ಪನ ಹೆಸರು, ಬೀದಿ, ಮನೆ ನಂಬರು, ಒಂದೂ ತಪ್ಪದೆ ಬರೆಸಿದಳು. ಮೇಷ್ಟ್ರು ಒಂದು ಸಲವೂ ಒತ್ತಿರಲಿಲ್ಲ.

"ರಜೆಯ ಮೂರು ವಾರದ ತಯಾರಿ ತರಗತಿಗೂ ಸೇರಿಸ್ಕೊಳ್ಳಿ ಸಾರ್. ನನ್ನ ಪಕ್ಕಾನೇ ಕೂರ್ಲಿ. ಕಾಲೇಜು ಅಂದ್ರೆ ಇವರಿಗೆ ಜೀವ."

ಮೇಷ್ಟ್ರು ಎರಡೆರಡು ಸಲ, ಮತ್ತೆ ಎರಡೆರಡು ಸಲ ಒತ್ತಿದರು.

"ಬೇಡ ಅಂತಿದ್ದಾರಾ?"

"ಖುಷಿಗೆ ಕೈ ನಡುಗ್ತಿದೆ ಸಾರ್."

"ಸೋಮವಾರ ಎಂಟು ಗಂಟೆಗೆ. ಇವರು ತಪ್ಪಿಸ್ಕೊಂಡ್ರೆ ನೀನೇ ಜವಾಬ್ದಾರಿ ನೋಡಮ್ಮ," ಎಂದು ಗುಮಾಸ್ತ ಮತ್ತೊಂದು ಮೊಹರು ಒತ್ತಿದ. ಮೇಷ್ಟ್ರು ಹಲ್ಲು ಕಚ್ಚಿ ಸಹಿ ಹಾಕಿದರು.

ಸಂಜೆ ಅಮ್ಮ ಬಾಗಿಲಲ್ಲೇ ಅಡ್ಡಗಟ್ಟಿದಳು. "ನಿಜ ಹೇಳು, ಮೇಷ್ಟ್ರು ಬಂದು ಸಹಾಯ ಮಾಡಿದ್ರಾ?"

"ಎಲ್ಲಿಯ ಸಹಾಯ ಅಮ್ಮಾ! ಪಾಪ, ಅವರಿಗೇ ನಾನು ಸೀಟು ಕೊಡಿಸಿ ಬಂದೆ."