ರಾಷ್ಟ್ರಪತಿ ಭವನದ ಕಛೇರಿ, ನಮ್ಮನೆಯ ಬೆಳಕಿಂಡಿ

ಟಿವಿ ನೋಡುವುದಕ್ಕೂ ಜಾಣತನ ಬೇಕು ಎಂದು ನಾನು ಯಾವತ್ತೂ ತಿಳಿದವನಲ್ಲ. ಗುಂಡಿ ಒತ್ತಬೇಕು, ಎದುರು ಕೂರಬೇಕು, ಅಷ್ಟೇ. ಹಾಗಾಗಿ ನನ್ನ ಹೆಂಡತಿಯ ತಮ್ಮ ಮಂಜುನಾಥ ದೆಹಲಿಯಿಂದ ಫೋನು ಮಾಡಿ, "ಮಾಮಾ, ರಾಷ್ಟ್ರಪತಿ ಭವನದಾಗ ನಮ್ಮ ಗುರುಗಳ ಕಛೇರಿ ಆತು. ನಾನೂ ಹಿಂದ ಕುಂತು ತಂಬೂರಿ ನುಡಿಸೇನಿ. ಬರೋ ರವಿವಾರ ಮುಂಜಾನೆ ಹನ್ನೊಂದಕ್ಕ ದೂರದರ್ಶನದಾಗ ಬರತೈತಿ, ಅವ್ವಗ ತೋರಸ್ರಿ" ಎಂದಾಗ, "ಅದರ ಚಿಂತಿ ನನಗ ಬಿಡು" ಎಂದುಬಿಟ್ಟೆ. ನನಗೆ ಬಿಟ್ಟ ಚಿಂತೆಗಳೆಲ್ಲ ಕಡೆಗೆ ಎಲ್ಲಿ ಹೋಗಿ ಮುಟ್ಟುತ್ತವೆ ಎಂಬುದು ನನ್ನ ಹೆಂಡತಿ ಗಿರಿಜೆಗೆ ಚೆನ್ನಾಗಿ ಗೊತ್ತಿತ್ತು. ಅವಳು ಆಗಲೇ ಒಂದು ನಿಟ್ಟುಸಿರು ಬಿಟ್ಟಳು.

ಅವ್ವ ಎಂದರೆ ನನ್ನ ಅತ್ತೆ. ಕದರಮಂಡಲಗಿಯವರು. ಮೂವತ್ತು ವರ್ಷ ದಿನಾ ನಮ್ಮ ಬ್ಯಾಡಗಿಗೆ ಬಂದು, ಮೆಣಸಿನಕಾಯಿ ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸಿ, ಇಬ್ಬರು ಮಕ್ಕಳನ್ನು ಬೆಳೆಸಿದವರು. ಮಗ ಸಂಗೀತ ಕಲಿಯುತ್ತೇನೆಂದು ಹೋಗಿ ಆರು ವರ್ಷವಾಗಿತ್ತು. ಎರಡು ವರ್ಷದಿಂದ ಊರ ಕಡೆ ಬಂದೇ ಇರಲಿಲ್ಲ. ಅವನು ವೇದಿಕೆಯ ಮೇಲೆ ಕುಳಿತದ್ದನ್ನು ಅವರು ಒಮ್ಮೆಯೂ ಕಂಡಿರಲಿಲ್ಲ. ಸುದ್ದಿ ಮುಟ್ಟಿದ್ದೇ ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಂದಿಳಿದರು.

"ಹಾಡು ನನಗ ತಿಳಿಯಂಗಿಲ್ಲರಿ ಅಳ್ಯಾರ," ಎಂದರು. "ಒಂದ್ ಸಲ ಅವನ ಮಾರಿ ಕಂಡ್ರ ಸಾಕು."

ಎದುರುಮನೆಯ ನಿವೃತ್ತ ಹೆಡ್ ಮಾಸ್ತರರ ಹತ್ತಿರ ದೊಡ್ಡ ಬಣ್ಣದ ಟಿವಿ ಇತ್ತು, ಕೇಬಲ್ಲೂ ಇತ್ತು. ಎಲ್ಲರೂ ತಮ್ಮನೆಗೇ ಬರಬೇಕೆಂದು ಅವರು ಒತ್ತಾಯ ಮಾಡಿದರು. ಗಿರಿಜೆ ಒಪ್ಪಿಯೂ ಬಿಟ್ಟಿದ್ದಳು. ನನ್ನ ಸ್ವಾಭಿಮಾನ ಮಾತ್ರ ಒಪ್ಪಲಿಲ್ಲ. ನನ್ನ ಭಾವಮೈದುನ ರಾಷ್ಟ್ರಪತಿಗಳ ಎದುರು ಕೂರುವುದು, ನಾನು ಅವನನ್ನು ಪರರ ಟಿವಿಯಲ್ಲಿ ನೋಡುವುದೇ! ನಮ್ಮದು ಹದಿನೈದು ವರ್ಷದ ಕಪ್ಪು-ಬಿಳುಪು ಟಿವಿ, ನಿಜ. ಮಕ್ಕಳ ಪರೀಕ್ಷೆಗೆಂದು ಕೇಬಲ್ಲು ಕೀಳಿಸಿದ್ದೆ, ಅದೂ ನಿಜ. ಆದರೆ ದೂರದರ್ಶನಕ್ಕೆ ಕೇಬಲ್ಲು ಯಾಕೆ ಬೇಕು?

ರಾಣೆಬೆನ್ನೂರಿಗೆ ಹೋಗಿ ಹೊಸ ಆಂಟೆನಾ ತಂದೆ. ಬಸ್ಸಿನಲ್ಲಿ ಅದರ ಒಂದು ಕಡ್ಡಿ ಕಂಡಕ್ಟರನ ಚೀಲಕ್ಕೆ ಸಿಕ್ಕಿಕೊಂಡು, ಆತ ಅರ್ಧ ದಾರಿ ನನ್ನ ಪಕ್ಕದಲ್ಲೇ ನಿಂತು ಟಿಕೆಟ್ ಹರಿಯಬೇಕಾಯಿತು. ಶನಿವಾರ ಸಂಜೆ ಐದಕ್ಕೆ ಮಾಳಿಗೆ ಹತ್ತಿ ಆಂಟೆನಾ ಕಟ್ಟಿದೆ. ಕೆಳಗಿಳಿದು ನೋಡಿದರೆ ಕೃಷಿ ಕಾರ್ಯಕ್ರಮದ ಎಮ್ಮೆಯೊಂದು ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ, ಅದರ ರೆಪ್ಪೆಗೂದಲು ಎಣಿಸಬಹುದಿತ್ತು. ಆ ಎಮ್ಮೆಯ ಧೈರ್ಯದ ಮೇಲೆ ಹಿಂದೆಮುಂದೆ ನೋಡದೆ ಇಡೀ ಓಣಿಯನ್ನು ಆಮಂತ್ರಿಸಿಬಿಟ್ಟೆ. ಹೆಡ್ ಮಾಸ್ತರರನ್ನು ಮೊದಲು ಕರೆದೆ.

ರವಿವಾರ ಹತ್ತೂವರೆಗೆ ನಮ್ಮ ಪಡಸಾಲೆಯಲ್ಲಿ ಮೂವತ್ತು ಮಂದಿ. ಅತ್ತೆ ಟಿವಿಯ ಎದುರು ನೆಲದ ಮೇಲೆ ಚಾಪೆ ಹಾಸಿಕೊಂಡು ಒಂಬತ್ತಕ್ಕೇ ಕುಳಿತಿದ್ದರು. ಹೊಸ ಇಳಕಲ್ ಸೀರೆ ಉಟ್ಟಿದ್ದರು. ಮಗ ಅತ್ತಲಿಂದ ತಮ್ಮನ್ನು ನೋಡುತ್ತಾನೇನೋ ಎಂಬಂತೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಸೆಕೆಗೆಂದು ಫ್ಯಾನು ಜೋರಾಗಿ ಹಚ್ಚಿದ್ದೆ. ಏರ್ಪಾಡು ಎಂದರೆ ಹೀಗಿರಬೇಕು ಎಂದು ನನಗೇ ಅನ್ನಿಸಿತು.

ಹನ್ನೊಂದಕ್ಕೆ ಕಾರ್ಯಕ್ರಮ ಶುರುವಾಯಿತು. ಚಿತ್ರ ಮಾತ್ರ ಕಾಣಲಿಲ್ಲ. ದೋಷ ಆಂಟೆನಾದ್ದಲ್ಲ, ಸೂರ್ಯನದು! ನಮ್ಮದು ಹಳೆಯ ಮಾಳಿಗೆ ಮನೆ, ಪಡಸಾಲೆಗೆ ಬೆಳಕು ಬರಲೆಂದು ಮೇಲ್ಛಾವಣಿಯಲ್ಲಿ ಮೊಳದಗಲದ ಬೆಳಕಿಂಡಿ ಇದೆ. ಅದರ ಗಾಜು ದೀಪಾವಳಿಯಲ್ಲಿ ಒಡೆದಿತ್ತು. ಹೊಸದು ಹಾಕಿಸುವ ಚಿಂತೆಯನ್ನೂ ನನಗೇ ಬಿಟ್ಟಿದ್ದರು. ಹನ್ನೊಂದರ ಬಿಸಿಲು ಅದರೊಳಗಿಂದ ನೇರವಾಗಿ ಟಿವಿಯ ಗಾಜಿನ ಮೇಲೆ ಬಿದ್ದಿತ್ತು. ಸಂಜೆ ಐದಕ್ಕೆ ಪರೀಕ್ಷೆ ಮಾಡಿದವನಿಗೆ ಇದು ಹೇಗೆ ಗೊತ್ತಾಗಬೇಕು? ಸಭಾಂಗಣ, ಗಾಯಕರು, ರಾಷ್ಟ್ರಪತಿಗಳು ಎಲ್ಲರೂ ಬೆಳ್ಳಗೆ ಬೆಳಗುತ್ತಿದ್ದರು.

"ಇನ್ನೂ ಹೊತ್ತೈತಿ, ನಮ್ಮನಿಗೆ ನಡೀರಿ," ಎಂದರು ಹೆಡ್ ಮಾಸ್ತರರು.

"ಎರಡ ನಿಮಿಷ ಕುಂದ್ರಿ," ಎಂದು ನಾನು ಮಾಳಿಗೆಗೆ ಓಡಿದೆ.

ಬೆಳಕಿಂಡಿ ಮುಚ್ಚಲು ಏನಾದರೂ ಬೇಕಿತ್ತು. ನಾನು ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಇಪ್ಪತ್ತು ವರ್ಷದ ಗುಮಾಸ್ತ. ನಮ್ಮ ಮಾಳಿಗೆಯ ಮೇಲೆ ಬೇರೇನೂ ಇಲ್ಲದಿದ್ದರೂ ಖಾಲಿ ಚೀಲ ಇದ್ದೇ ಇರುತ್ತದೆ. ದೊಡ್ಡದೊಂದನ್ನು ಆರಿಸಿದೆ. ಕೆಳಗೆ ಹೊಸ ಸೀರೆಯುಟ್ಟವರು, ಹಿರಿಯರು ಕುಳಿತಿದ್ದಾರೆ. ಕೊಳಕು ಚೀಲ ಹೊದಿಸುವುದು ಸಭ್ಯತೆಯಲ್ಲ ಎಂದು, ಮೊದಲು ಅದನ್ನು ತಿರುವಿಹಾಕಿ ಚೆನ್ನಾಗಿ ಝಾಡಿಸಿದೆ. ಬೆಳಕಿಂಡಿಯ ಮೇಲೆಯೇ ಹಿಡಿದು ಝಾಡಿಸಿದೆ!

ಕೆಳಗಿನಿಂದ ಒಮ್ಮೆಲೇ ಭಾರಿ ಗದ್ದಲ ಎದ್ದಿತು. ಚಿತ್ರ ಸರಿಯಾಗಿ ಮಂಜುನಾಥ ಕಂಡನೆಂದೇ ತಿಳಿದೆ. ನನ್ನ ಶ್ರಮ ಸಾರ್ಥಕವಾಯಿತೆಂದು ಎದೆ ಉಬ್ಬಿತು. ಆ ಹುರುಪಿನಲ್ಲಿ ಇನ್ನೆರಡು ಸಲ ಝಾಡಿಸಿ, ಚೀಲ ಹೊದಿಸಿ, ಮೇಲೊಂದು ಕಲ್ಲಿಟ್ಟು ಇಳಿದೆ.

ಅಂಗಳದಲ್ಲಿ ಇಪ್ಪತ್ತೊಂಬತ್ತು ಮಂದಿ ನಿಂತಿದ್ದರು. ನಿಂತಿದ್ದರು ಎನ್ನುವುದು ಗೌರವಕ್ಕೆ ಹೇಳುವ ಮಾತು. ಕೆಲವರು ಗೋಡೆ ಹಿಡಿದು ಕೆಮ್ಮುತ್ತಿದ್ದರು, ಕೆಲವರು ಬಚ್ಚಲ ಹಂಡೆಯ ಸುತ್ತ ನೂಕಾಡುತ್ತಿದ್ದರು. ಮೇಲಿನಿಂದ ಉದುರಿದ ಮೆಣಸಿನಕಾಯಿ ಪುಡಿಯನ್ನು ಫ್ಯಾನು ಯಾರಿಗೂ ಕಡಿಮೆ ಬೀಳದಂತೆ ಹಂಚಿತ್ತು. ಹೆಡ್ ಮಾಸ್ತರರು ಟಿವಿಯೊಳಗಿನ ತಬಲಾದ ಏಟಿಗೆ ಸರಿಯಾಗಿ, ತಾಳ ತಪ್ಪದೆ ಸೀನುತ್ತಿದ್ದರು. ನಡುವೆ ಬಿಡುವು ಸಿಕ್ಕಾಗ ನನ್ನ ಕಡೆ ತಿರುಗಿದರು.

"ಬ್ಯಾಡಗಿ ಕಾಯಿಗೆ ಬಣ್ಣ ಅಷ್ಟ, ಖಾರ ಇರಂಗಿಲ್ಲಂತ ಹೇಳ್ತಿದ್ರಲ್ಲ ನೀವು."

ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ ಅದನ್ನೇ ಹೇಳುತ್ತ ಬಂದಿದ್ದೆ. ಉತ್ತರಕ್ಕೆ ಬಾಯಿ ತೆರೆದರೆ ಸೀನು ಬಂತು.

ಆಗ ಗಿರಿಜೆ ಸುತ್ತ ನೋಡಿ, "ಅವ್ವ ಎಲ್ಲಿ?" ಎಂದಳು.

ಟವೆಲ್ಲಿನಲ್ಲಿ ಮೂಗು ಮುಚ್ಚಿಕೊಂಡು ಒಳಗೆ ನುಗ್ಗಿದೆ. ನನ್ನ ಹುಂಬತನಕ್ಕೆ ಆ ಮುದುಕಿಯ ಗತಿ ಏನಾಯಿತೋ ಎಂದು ನಿಜವಾಗಿಯೂ ಹೆದರಿದ್ದೆ. ಅತ್ತೆ ಚಾಪೆಯ ಮೇಲೆ ಇದ್ದಂತೆಯೇ ಕುಳಿತಿದ್ದರು. ಮೂಗಿಗೆ ಸೆರಗೂ ಇಲ್ಲ, ಕೆಮ್ಮೂ ಇಲ್ಲ. ಮೂವತ್ತು ವರ್ಷ ಅದೇ ಪುಡಿಯನ್ನು ಉಸಿರಾಡಿದವರಿಗೆ ನನ್ನ ಒಂದು ಚೀಲ ಯಾವ ಲೆಕ್ಕ? ಅವರನ್ನು ಎಬ್ಬಿಸಲು ಹೋಗಿ ನಾನು ಟಿವಿಗೆ ಅಡ್ಡ ನಿಂತೆ.

"ಅಳ್ಯಾರ, ಅತ್ತಾಗ ಸರೀರಿ," ಎಂದರು ಮೆಲ್ಲಗೆ. "ಮಂಜ್ಯಾ ಬಂದಾನ."

ಸರಿದೆ. ನಾನೂ ನೋಡಬೇಕೆಂದು ಕಣ್ಣು ತೆರೆಯಹೋದೆ. ಕಣ್ಣು ತೆರೆಯಲಿಲ್ಲ, ಸೀನು ಬಂತು. ಒಂದರ ಹಿಂದೆ ಒಂದರಂತೆ ಏಳು ಬಂದವು. ಎಂಟನೆಯದಕ್ಕೆ ಟವೆಲ್ಲಿನೊಳಗೇ ಮುಖವಿಟ್ಟು ಕಾದು, ಅದು ಬರಲಿಲ್ಲವೆಂದು ಟವೆಲ್ಲು ತೆಗೆದಾಗ, ಆ ಸಭಾಂಗಣದಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ರಾಷ್ಟ್ರಪತಿಗಳೂ ತಟ್ಟುತ್ತಿದ್ದರು. ಅತ್ತೆಯ ಕಣ್ಣುಗಳು ಆಗ ಒದ್ದೆಯಾಗಿದ್ದವು. ಅದು ಮೆಣಸಿನಕಾಯಿಯ ನೀರಲ್ಲವೆಂದು ನನ್ನಂಥವನಿಗೂ ತಿಳಿಯಿತು.

ಅರ್ಧ ಗಂಟೆಗೆ ಮಂಜುನಾಥನ ಫೋನು ಬಂತು. ಮಂದಿಗೆ ಹೆಂಗನಸ್ತು ಎಂದು ಕೇಳಿದ.

"ಓಣ್ಯಾಗ ಒಬ್ಬರ ಕಣ್ಣೂ ಒಣಗಿದ್ದಿಲ್ಲಪಾ," ಎಂದೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅತ್ತ ಹುಡುಗ ಮೂಗು ಒರೆಸಿಕೊಂಡದ್ದು ಕೇಳಿಸಿತು. ಇತ್ತ ನಾನು ಮೊದಲಿಂದಲೂ ಒರೆಸಿಕೊಳ್ಳುತ್ತಲೇ ಇದ್ದೆ.

ಅತ್ತೆ ನನ್ನ ಕೈಯಿಂದ ಫೋನು ತೆಗೆದುಕೊಂಡರು. "ಹಿಂದ ಕುಂತಿದ್ರೂ ಕಂಡಿ, ಮಂಜ್ಯಾ. ಮೂರು ಸಲ ಕಂಡಿ. ಸೊರಗೀದಿ, ಹೊಟ್ಟಿತುಂಬ ಉಣ್ಣು," ಎಂದರು. ನನ್ನ ಕಡೆ ನೋಡಿ, "ನಿಮ್ಮ ಮಾಮಾನ್ನ ಏನೂ ಕೇಳಬ್ಯಾಡ. ಪಾಪ, ಅವ್ರು ನೋಡಿಲ್ಲ," ಎಂದರು.

ಈಗಲೂ ಪೇಟೆಯಲ್ಲಿ ಯಾರಾದರೂ ಕೇಳಿದರೆ, ಮಂಜುನಾಥ ಹೇಗೆ ಕುಳಿತಿದ್ದ, ತಂಬೂರಿ ಹೇಗೆ ಹಿಡಿದಿದ್ದ ಎಂದು ಅತ್ತೆ ಹೇಳಿದ್ದನ್ನೆಲ್ಲ ಕಣ್ಣಾರೆ ಕಂಡವನಂತೆ ವರ್ಣಿಸುತ್ತೇನೆ. ಜುಬ್ಬದ ಬಣ್ಣ ಕೇಳಿದರೆ ಮಾತ್ರ ಚಹಾ ತರಿಸುತ್ತೇನೆ. ಆ ರವಿವಾರ ನಾನು ಬಣ್ಣದಲ್ಲಿ ನೋಡಿದ್ದು ಒಂದೇ ಒಂದು: ನನ್ನ ಕೆಂಪು ಟವೆಲ್ಲಿನ ಒಳಮೈ.